ಲಮಾರಾ ಹೊಡೆದಳೆಂದು ಸರ್ಕಾರ ಹೇಳಿತು

ಲಮಾರಾಳ ಹೊಟ್ಟೆಕಿಚ್ಚು ರಿಯೋನಿ ಹೊಳೆಯ ಎರಡೂ ದಂಡೆಗೆ ಗೊತ್ತಿತ್ತು. ಅವಳ ಗಂಡ ಮುರ್ಮನ್ ರೊಟ್ಟಿ ಸುಡುವವನು. ಅಂಗಳದ ಮೂಲೆಯಲ್ಲೇ ಅಂಗಡಿ. ಅಂಗಡಿಯ ನಡುವೆ ನೆಲದಲ್ಲಿ ಹೂತ ಮಣ್ಣಿನ ಒಲೆ, ತೋನೆ. ಅದರ ಬಾಯೊಳಗೆ ಸೊಂಟದವರೆಗೆ ಬಗ್ಗಿ ಒಳಗೋಡೆಗೆ ಹಿಟ್ಟು ಬಡಿಯುವುದು, ಬೆಂದದ್ದನ್ನು ಕೊಕ್ಕೆಯಲ್ಲಿ ಎಳೆದು ತೆಗೆಯುವುದು, ಇದು ಅವನ ಕೆಲಸ. ಕಿಟಕಿಯಲ್ಲಿ ಕೂತು ರೊಟ್ಟಿ ಕೊಡುವುದು ಲಮಾರಾಳ ಕೆಲಸ. ಆ ಕೆಲಸವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಮದುವೆಯಾದ ವಾರಕ್ಕೇ ತಾನಾಗಿ ಕಿತ್ತುಕೊಂಡಿದ್ದಳು. ಮೊದಲು ಅಲ್ಲಿ ಕೂರುತ್ತಿದ್ದ ಹುಡುಗಿಗೆ ತೋಳಿಲ್ಲದ ಅಂಗಿ ಹಾಕುವ ಚಾಳಿಯಿತ್ತು. "ತೋನೆಯ ಕಾವಿಗೆ ಇನ್ನೇನು ಕಂಬಳಿ ಹೊದ್ಕೋತಾಳಾ?" ಎಂದು ಅತ್ತೆ ಜುಜುನಾ ಕೇಳಿದ್ದಕ್ಕೆ ಲಮಾರಾ ಅತ್ತೆಯೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಊರ ಹೆಂಗಸರೂ ಕಮ್ಮಿಯಿರಲಿಲ್ಲ. ನಮ್ಮ ಇಮೆರೆತಿ ಸೀಮೆಯಲ್ಲಿ ಒಬ್ಬರ ಹೊಟ್ಟೆ ಉರಿಯುತ್ತಿದೆ ಎಂದು ಗೊತ್ತಾದರೆ ಅದಕ್ಕೆ ಎರಡು ಕಟ್ಟಿಗೆ ತುರುಕದೆ ಯಾರು ಮುಂದೆ ಹೋಗುತ್ತಾರೆ? ಪಕ್ಕದ ಮನೆಯ ವಿಧವೆ ಎತೆರಿ ಕಿಟಕಿಯೊಳಗೆ ಕತ್ತು ತೂರಿಸಿ, "ಮುರ್ಮನ್, ಮೊದಲನೇ ರೊಟ್ಟಿ ನಂಗೆ ಎತ್ತಿಟ್ಟಿರು ಅಂದಿದ್ನಲ್ಲಪ್ಪಾ, ಮರೆತ್ಯಾ?" ಎಂದು ರಾಗ ಎಳೆಯುತ್ತಿದ್ದಳು.

"ಯಾವಾಗ ಅಂದಿದ್ದೆ?" ಲಮಾರಾ ಎದ್ದೇ ನಿಲ್ಲುತ್ತಿದ್ದಳು.

"ಕನಸಲ್ಲಿ ಕಣೇ." ಎತೆರಿ ರೊಟ್ಟಿಯನ್ನು ಬಗಲಿಗಿಟ್ಟುಕೊಂಡು ನಗುತ್ತಾ ಹೋಗುತ್ತಿದ್ದಳು.

ಮುರ್ಮನ್ ತೋನೆಯೊಳಗೆ ತಲೆಯಿಟ್ಟೇ ನಗುತ್ತಿದ್ದ. ಹೆಂಡತಿಯ ಈ ಹುಚ್ಚು ಅವನಿಗೆ ಒಳಗೊಳಗೇ ಇಷ್ಟ. ಊರಿನ ಬೇರೆ ಯಾವ ಗಂಡಸನ್ನೂ ಯಾರೂ ಹೀಗೆ ಕಾವಲು ಕಾಯುತ್ತಿರಲಿಲ್ಲ ನೋಡಿ.

ಒಂದು ಸಂಜೆ ಈ ಎತೆರಿಯ ವಿಷಯಕ್ಕೇ ಜಗಳ ಹತ್ತಿತು. ಲಮಾರಾ ಹಣ್ಣಿನ ಪಾಕ ಕಾಯಿಸುವ ತಾಮ್ರದ ಬಾಣಲೆಯನ್ನು ಬೀಸಿ ಒಗೆದಳು. ಅದು ಬಾಗಿಲ ಚೌಕಟ್ಟಿಗೆ ಬಡಿದು, ಉರುಳಿ, ಅಂಗಳದ ಸುತ್ತಲಿನ ಎಲ್ಲ ಮನೆಗಳಿಗೂ ಕೇಳಿಸುವಷ್ಟು ಸದ್ದು ಮಾಡಿತು. ಮಾರನೆಯ ಬೆಳಗಿನ ಜಾವ ಮೈದಾ ತರಲೆಂದು ಗಿರಣಿಗೆ ಹೋದ ಮುರ್ಮನ್ ವಾಪಸು ಬರಲಿಲ್ಲ. ಲಮಾರಾ ಪೊಲೀಸ್ ಠಾಣೆಗೂ ಹೋಗಿ ಕೇಳಿದಳು. "ಅಂಥೋರು ಯಾರೂ ಇಲ್ಲಿಲ್ಲ" ಎಂದರು. ಬೇರೆ ಹೆಂಡತಿಯಾಗಿದ್ದರೆ ಹೊಳೆಯಲ್ಲಿ ಹುಡುಕಿಸುತ್ತಿದ್ದಳು, ಮೇಣದ ಬತ್ತಿ ಹಚ್ಚುತ್ತಿದ್ದಳು. ಲಮಾರಾ ಅಂಗಳದ ನಡುವೆ ನಿಂತು ಸಾರಿದಳು: "ಬಾತುಮಿಗೆ ಹೋಗಿದಾನೆ! ಯಾವಳನ್ನೋ ಕಟ್ಕೊಂಡು ಸಮುದ್ರ ನೋಡೋಕೆ ಹೋಗಿದಾನೆ! ಬರಲಿ, ಪಕ್ಕೆಲುಬು ಮುರೀದಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವಳೇ ಅಲ್ಲ!"

ಮುರ್ಮನ್ ಬಾತುಮಿಯಲ್ಲಿರಲಿಲ್ಲ, ಅದೇ ಠಾಣೆಯ ನೆಲಮಾಳಿಗೆಯಲ್ಲಿದ್ದ. ಯಾರೋ ಸಕ್ಕರೆ ಗೋದಾಮಿನ ಬೀಗ ಒಡೆದಿದ್ದರು. ಬೆಳಗಿನ ಜಾವ ಆ ರಸ್ತೆಯಲ್ಲಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದವನು ಇವನೊಬ್ಬನೇ. ಕದ್ದದ್ದು ನಾನೇ ಎಂದು ಸಹಿ ಹಾಕುವವರೆಗೂ ಬಿಡಲಿಲ್ಲ. ಸಹಿ ಹಾಕಿದ ಮೇಲೆ ಅಸಲಿ ಕಳ್ಳರು ಮೂಟೆಗಳ ಸಮೇತ ಬೇರೆ ಊರಲ್ಲಿ ಸಿಕ್ಕಿಬಿದ್ದರು. ಒಂದು ಬೆಳಿಗ್ಗೆ ಇವನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮ ಆಸ್ಪತ್ರೆಗೆ ಎತ್ತಿಕೊಂಡು ಹೋದ. ಪಟ್ಟಿ ಕಟ್ಟಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಡಿದು ಹಿಡಿದು ಮನೆಗೆ ಬಂದ.

ಲಮಾರಾ ಬಾಗಿಲಿಗೆ ಬೆನ್ನು ಮಾಡಿ ಪ್ಲಮ್ ಹಣ್ಣಿನ ಹುಳಿ ತಿರುಗಿಸುತ್ತಿದ್ದಳು. ಬೂಟಿನ ಸದ್ದು ಗುರುತು ಸಿಕ್ಕಿತು. ತಿರುಗಲಿಲ್ಲ. "ಬಾತುಮಿ ಸಮುದ್ರ ಹೇಗಿತ್ತಪ್ಪಾ ಸಾಹೇಬರಿಗೆ? ನೀರು ಬೆಚ್ಚಗಿತ್ತಾ? ಅವಳಿಗೆ ಈಜು ಬರತ್ತಾ?" ಎಂದು ಸೌಟು ಕುಟ್ಟಿ ಕುಟ್ಟಿ ಕೇಳಿದಳು. ಉತ್ತರ ಬರದಿದ್ದಾಗ ತಿರುಗಿದಳು. ಮುಖ ಗುರುತು ಸಿಗದ ಹಾಗೆ ಊದಿತ್ತು. ಆ ಊದಿದ ಮುಖದಲ್ಲೇ ಅವನು ಹೆಂಡತಿಯ ಕೈ, ಕಾಲು, ಕತ್ತು ಎಲ್ಲವನ್ನೂ ಕಣ್ಣಲ್ಲೇ ತಡವಿದ, ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತ. ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗಲಿಲ್ಲ.

ಅಂದಿನಿಂದ ಅವನು ಬೇರೆಯೇ ಮನುಷ್ಯ. "ಹೊಡೆದ್ರು" ಎಂದ, ಅಷ್ಟೇ. ಯಾರು, ಹೇಗೆ, ಯಾಕೆ ಸಹಿ ಹಾಕಿದೆ, ಯಾವುದಕ್ಕೂ ಬಾಯಿ ಬಿಡಲಿಲ್ಲ. ಕತ್ತಿನವರೆಗೂ ಗುಂಡಿ ಹಾಕಿದ ಅಂಗಿಯಲ್ಲೇ ಮಲಗುತ್ತಿದ್ದ. ಬಚ್ಚಲಿಗೆ ಹೋದರೆ ಒಳಗಿನಿಂದ ಚಿಲಕ. ಪಟ್ಟಿ ಬಿಚ್ಚಿ ಕಟ್ಟಿಸಿಕೊಳ್ಳಲು ಆಸ್ಪತ್ರೆಗೇ ನಡೆದು ಹೋಗುತ್ತಿದ್ದನೇ ಹೊರತು ಹೆಂಡತಿಯ ಕೈಗೆ ಮೈ ಕೊಡಲಿಲ್ಲ.

ಆಗ ಬಂದಳು ನಾತಿಯಾ. ರಾಜಧಾನಿ ತ್ಬಿಲಿಸಿಯ ವಕೀಲೆ, ಪೊಲೀಸರ ಕೈಯಲ್ಲಿ ನಜ್ಜುಗುಜ್ಜಾದವರ ಕೇಸು ಹಿಡಿದು ಊರೂರು ಅಲೆಯುವವಳು. ಗಿಡ್ಡ ಕೂದಲು, ಪ್ಯಾಂಟು, ಬೆರಳ ಸಂದಿಯಲ್ಲಿ ಸಿಗರೇಟು. ಬೆರಳಲ್ಲಿ ಉಂಗುರವಿಲ್ಲ. ಲಮಾರಾ ಮೊದಲು ನೋಡಿದ್ದು ಉಂಗುರವಿಲ್ಲದ್ದನ್ನೇ. ಅವಳೂ ಮುರ್ಮನನೂ ಮೈದಾ ಮೂಟೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಧ್ಯಾಹ್ನವೆಲ್ಲ ಮಾತಾಡಿದರು. ಲಮಾರಾ ಕಾಫಿ ತೆಗೆದುಕೊಂಡು ಹೋದಳು, ಮಾತು ನಿಂತಿತು. ನೀರು ತೆಗೆದುಕೊಂಡು ಹೋದಳು, ಮಾತು ನಿಂತಿತು. ಏನೂ ಇಲ್ಲದೆ ಹೋದಳು, ಮುರ್ಮನ್ "ಏನು?" ಎಂದ. ಸಂಜೆ ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿದ್ದವು. ಹೆತ್ತ ಅಪ್ಪ ಸತ್ತಾಗಲೂ ಹೆಂಡತಿಯ ಮುಂದೆ ಅಳದವನು ಈ ಗಿಡ್ಡ ಕೂದಲಿನವಳ ಮುಂದೆ ಅತ್ತಿದ್ದ!

ಅತ್ತೆ ಜುಜುನಾ ನಾತಿಯಾಳ ಕೈ ಹಿಡಿದು, "ನನ್ನ ಮಗ ಕಳ್ಳ ಅಲ್ಲಮ್ಮಾ, ಒಂದು ಸೂಜಿ ಕದ್ದವನಲ್ಲ" ಎಂದು ಗೋಳಾಡಿದಳು.

"ಕಳ್ಳನಾಗಿದ್ರೂ ನಾನು ಬರ್ತಿದ್ದೆ ಅಮ್ಮಾ," ಎಂದಳು ನಾತಿಯಾ. "ಕದ್ದಿರಲಿ, ಕೊಂದಿರಲಿ, ದೇಶಾನೇ ಮಾರಿರಲಿ, ಮನುಷ್ಯನನ್ನ ಹಿಂಸೆ ಮಾಡೋ ಹಾಗಿಲ್ಲ. ಯುದ್ಧ ಬಂದ್ರೂ ಇಲ್ಲ. ಈ ಕಾನೂನಿನಲ್ಲಿ 'ಆದರೆ' ಅನ್ನೋದೇ ಇಲ್ಲ."

ಜುಜುನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಲಮಾರಾ ಹಲ್ಲು ಕಡಿಯುತ್ತಾ ಎತೆರಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ಕೇಳಿಸ್ಕೊಂಡ್ಯಾ? ಕದ್ದಿದ್ರೂ ಪರವಾಗಿಲ್ವಂತೆ, ಕೊಂದಿದ್ರೂ ಪರವಾಗಿಲ್ವಂತೆ ಇವಳಿಗೆ! ಕಟ್ಕೊಂಡ ನಾನೇ ಅಷ್ಟು ಹೇಳಲ್ಲ."

"ಅದು ಕಾನೂನು ಮಾರಾಯ್ತಿ."

"ಕಾನೂನಂತೆ ಕಾನೂನು! ಕಣ್ಣು ನೋಡು ಅವಳದ್ದು."

ಇನ್ನೊಂದು ಸಲ ನಾತಿಯಾ ಒಬ್ಬ ಡಾಕ್ಟರನ್ನೂ ಕರೆತಂದಳು. ಅಂಗಿ ಬಿಚ್ಚಿಸಿ ಫೋಟೋ ತೆಗೆದರಂತೆ. ಅಂಗಿ! ತಾನು ಕಂಡು ಎಷ್ಟು ಕಾಲವಾಯಿತೋ ಆ ಬೆನ್ನನ್ನು ಇವಳು ಬಂದ ಎರಡನೇ ಸಲಕ್ಕೇ ನೋಡಿಬಿಟ್ಟಳು. ಲಮಾರಾಳ ಪಿತ್ತ ನೆತ್ತಿಗೇರಿತು. ಅವತ್ತು ರೊಟ್ಟಿ ಕೊಳ್ಳಲು ಬಂದವರಿಗೆಲ್ಲ ಚಿಲ್ಲರೆ ತಪ್ಪಿಹೋಯಿತು.

ಗ್ರಹಚಾರಕ್ಕೆ ಅದೇ ದಿನ ಸಂಜೆ ಬೊಂದೋ ಬಂದ. ನಾತಿಯಾ ಕೊಟ್ಟ ದೂರಿನ ತನಿಖೆಗೆಂದು ಸರ್ಕಾರಿ ಪ್ರಾಸಿಕ್ಯೂಟರ್ ಕಡೆಯಿಂದ ಬಂದ ಅಧಿಕಾರಿ. ತುಂಬಾ ಸಭ್ಯ, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ, ಕಾಫಿ ಚೆನ್ನಾಗಿದೆ ಎಂದ. "ಅಮ್ಮಾ, ಮುರ್ಮನ್ ಗಿರಣಿಗೆ ಹೋದ ಹಿಂದಿನ ದಿನ ಸಂಜೆ ಇಲ್ಲಿ ಏನೋ ಸದ್ದಾಯ್ತಂತಲ್ಲ? ಬಾಣಲೆಯಂತೆ?" ಎಂದು ನಗುತ್ತಲೇ ಕೇಳಿದ.

"ಹೌದು ಹೊಡ್ದೆ," ಎಂದಳು ಲಮಾರಾ. ಬಾಣಲೆ ಬಾಗಿಲಿಗೆ ತಗಲಿದ್ದು ಅವಳಿಗೆ ನೆನಪಿರಲಿಲ್ಲವೆಂದಲ್ಲ. ಆ ಗಳಿಗೆಯಲ್ಲಿ ಮುರ್ಮನನ ಮೈಮೇಲೆ ಬೇರೆ ಯಾರದ್ದೂ ಏನೂ ಇರಬಾರದಾಗಿತ್ತು, ಗಾಯ ಕೂಡ. "ನನ್ನ ಗಂಡ, ನಾನು ಹೊಡೀತೀನಿ. ಪಕ್ಕೆಲುಬು ಮುರೀತೀನಿ. ಯಾರಿಗಾದ್ರೂ ಕಷ್ಟ ಇದ್ಯಾ?"

"ನಂಗೇನೂ ಕಷ್ಟ ಇಲ್ಲಮ್ಮಾ," ಎಂದು ಬೊಂದೋ ಟೋಪಿ ಹಾಕಿಕೊಂಡು ಹೋದ.

ಸ್ವಲ್ಪ ದಿನಕ್ಕೆ ಪೊಲೀಸರ ಮೇಲಿನ ಕೇಸು ಮುಚ್ಚಿದೆ ಎಂದು ಸುದ್ದಿ ಬಂತು. ಯಾಕೆ ಎಂದು ಲಮಾರಾ ಕೇಳಿದ್ದಕ್ಕೆ ಮುರ್ಮನ್, "ಮುಚ್ಚಿದ್ರು, ಅಷ್ಟೇ" ಎಂದು ತೋನೆಯೊಳಗೆ ಬಗ್ಗಿದ. ನಾತಿಯಾ ಬಿಡಲಿಲ್ಲ, ಯುರೋಪಿನ ದೊಡ್ಡ ನ್ಯಾಯಾಲಯವಿರುವ ಸ್ಟ್ರಾಸ್‌ಬರ್ಗಿಗೆ ಒಯ್ದಳು. ಆ ಹೆಸರು ನಮ್ಮ ಅಂಗಳದಲ್ಲಿ ಯಾವುದೋ ಸಂತನ ಹೆಸರಿನ ಹಾಗೆ ಓಡಾಡತೊಡಗಿತು. ಜುಜುನಾ ಪ್ರಾರ್ಥನೆಯಲ್ಲೂ ಸೇರಿಸಿಕೊಂಡಳು. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ನಾತಿಯಾ ಬರುತ್ತಿದ್ದಳು, ಹೋಗುತ್ತಿದ್ದಳು. ಕೋಣೆಯ ಬಾಗಿಲು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಲಮಾರಾಳಿಗೆ ಬೇಕಾದದ್ದು ಒಂದೇ. ಅವಳಿಗೆ ಹೇಳಿದ್ದನ್ನು ತನಗೂ ಹೇಳಲಿ. ತನಗೆ ಮೊದಲು ಹೇಳಬೇಕಿತ್ತು, ಹೋಗಲಿ, ಆಮೇಲಾದರೂ ಹೇಳಲಿ. ಇದನ್ನು ಕೇಳಲು ಅಭಿಮಾನ ಬಿಡಲಿಲ್ಲ, ಕೇಳದೆ ಇರಲು ಹೊಟ್ಟೆ ಬಿಡಲಿಲ್ಲ.

ದ್ರಾಕ್ಷಿ ಕೊಯ್ಯುವ ಕಾಲದಲ್ಲಿ ಒಂದು ಮಧ್ಯಾಹ್ನ ನಾತಿಯಾ ಬಂದವಳು ಈ ಸಲ ಮುರ್ಮನನನ್ನು ಕೇಳಲಿಲ್ಲ. ಚಪ್ಪರದ ಕೆಳಗೆ ಜುಜುನಾ, ಎತೆರಿ, ಲಮಾರಾ ಮೂವರೂ ಹುರುಳಿಕಾಯಿ ಬಿಡಿಸುತ್ತಿದ್ದರು. ಅಲ್ಲೇ ಬೆಂಚಿನ ಮೇಲೆ ಕೂತಳು.

"ಲಮಾರಾ, ನಿಮ್ಮ ಹತ್ರ ಮಾತಾಡ್ಬೇಕು."

"ನನ್ನ ಹತ್ರಾನಾ? ಕೋಣೆ ತೋರಿಸ್ಲಾ ಮೇಡಂ, ಚಿಲಕ ಚೆನ್ನಾಗಿದೆ."

ನಾತಿಯಾ ನಗಲಿಲ್ಲ. "ಸರ್ಕಾರ ಸ್ಟ್ರಾಸ್‌ಬರ್ಗಿಗೆ ಉತ್ತರ ಕೊಟ್ಟಿದೆ. ಮುರ್ಮನನ ಪಕ್ಕೆಲುಬು ಮುರಿದಿದ್ದು ನೀವಂತೆ. ಠಾಣೆಗೆ ಬರೋ ಮುಂಚೇನೇ ಮುರಿದಿತ್ತಂತೆ. ಹೊಟ್ಟೆಕಿಚ್ಚಿನ ಹೆಂಡತಿ, ಬಾಣಲೆಯಲ್ಲಿ ಹೊಡೆದಿದಾಳೆ, ತಾನೇ ಒಪ್ಕೊಂಡಿದಾಳೆ ಅಂತ."

ಎತೆರಿಗೆ ನಗು ತಡೆಯಲಾಗಲಿಲ್ಲ. "ಅಯ್ಯಯ್ಯೋ, ಇವಳ ಹೊಟ್ಟೆಕಿಚ್ಚು ಯುರೋಪಿಗೂ ಮುಟ್ಟಿತಲ್ಲೇ!" ಆಮೇಲೆ ಯಾರೂ ನಗದ್ದನ್ನು ನೋಡಿ ಬಾಯಿ ಮುಚ್ಚಿಕೊಂಡಳು.

"ಇಲ್ಲಿ ಕೇಸು ಮುಚ್ಚಿದ್ದೂ ಇದೇ ಕಾರಣಕ್ಕೆ," ಎಂದಳು ನಾತಿಯಾ. "ನಿಮಗೆ ಹೇಳ್ಬೇಡ, ನೊಂದ್ಕೋತಾಳೆ ಅಂತ ಮುರ್ಮನ್ ಕೇಳ್ಕೊಂಡಿದ್ದ. ಇನ್ನು ಹೇಳದೆ ಆಗಲ್ಲ."

ಲಮಾರಾಳ ಕೈಯಲ್ಲಿದ್ದ ಹುರುಳಿಕಾಯಿ ನೆಲಕ್ಕೆ ಬಿತ್ತು. ಗಂಡನನ್ನು ಕೆಡವಿದವರ ಜೊತೆ ಸೇರಿ ತಾನೂ ಕೆಡವಿದ್ದಳು. ಎರಡು ವರ್ಷ ಅವನು ಅದನ್ನು ನುಂಗಿಕೊಂಡು ತನ್ನ ಪಕ್ಕದಲ್ಲಿ ಮಲಗಿದ್ದ. ಇಷ್ಟಾದರೂ, ನಾಚಿಕೆಗೇಡು ನೋಡಿ, ಮೊದಲು ಚುಚ್ಚಿದ್ದು ಇನ್ನೊಂದೇ: ಇದನ್ನೂ ಇವರಿಬ್ಬರು ತನ್ನನ್ನು ಬಿಟ್ಟು ಮಾತಾಡಿಕೊಂಡಿದ್ದರು.

"ಈಗ ನನ್ನಿಂದ ಏನಾಗ್ಬೇಕು?" ಎಂದಳು.

"ಕಾನೂನು ಸರಳ. ಮನುಷ್ಯ ಗಟ್ಟಿಯಾಗಿ ಒಳಗೆ ಹೋಗಿ ಮುರಿದು ಹೊರಗೆ ಬಂದ್ರೆ, ಹೇಗೆ ಮುರೀತು ಅಂತ ಸರ್ಕಾರ ಹೇಳ್ಬೇಕು, ನಾವಲ್ಲ. ಹೇಳೋಕಾಗ್ದಿದ್ರೆ ತಪ್ಪು ಅವರದ್ದೇ. ಮುರಿದು ಹೊರಗೆ ಬಂದಿದ್ದಕ್ಕೆ ಆಸ್ಪತ್ರೆ ಸಾಕ್ಷಿ ಇದೆ. ಗಟ್ಟಿಯಾಗಿ ಒಳಗೆ ಹೋದ ಅನ್ನೋದಕ್ಕೆ ಯಾರೂ ಇಲ್ಲ. ಬೆಳಗಿನ ಜಾವ ಹೋಗಿದಾನೆ, ಯಾರೂ ನೋಡಿಲ್ಲ."

"ನಾನು ಎಸೆದ ಬಾಣಲೆ ತಗಲಿದ್ದು ಬಾಗಿಲಿಗೆ. ಚೌಕಟ್ಟು ನೋಡಿ, ಇನ್ನೂ ತಗ್ಗಿದೆ."

"ಈಗ ಹೇಳಿದ್ರೆ ಗಂಡನನ್ನ ಉಳಿಸೋಕೆ ಸುಳ್ಳು ಹೇಳ್ತಾಳೆ ಅಂತಾರೆ."

"ಹಾಗಿದ್ರೆ ನೀವೇ ಹೇಳಿ!" ಲಮಾರಾಳ ನಾಲಿಗೆ ಹಿಡಿತ ತಪ್ಪಿತು. "ನಿಮಗೇ ಎಲ್ಲಾ ಗೊತ್ತಲ್ಲ! ಅಂಗಿ ಬಿಚ್ಚಿಸಿ ನೋಡಿದೋರು ನೀವು, ಅಳಿಸಿದೋರು ನೀವು, ಎಲ್ಲಾ ಕೇಳಿಸ್ಕೊಂಡೋರು ನೀವು. ನಾನ್ಯಾರು? ಕಾಫಿ ತರೋಳು. ಮೊದಲು ಅವನು ನಿಮಗೆ ಏನು ಹೇಳಿದ ಅಂತ ನಂಗೆ ಹೇಳಿ, ಆಮೇಲೆ ನನ್ನ ಕೇಳಿ."

"ಅದನ್ನ ಹೇಳಲ್ಲ," ಎಂದಳು ನಾತಿಯಾ. "ಅದು ಅವನದ್ದು. ನಿಮಗೆ ಹೇಳೋದಾದ್ರೆ ಅವನೇ ಹೇಳ್ಬೇಕು." ಆಮೇಲೆ ಅವಳಿಗೂ ಸಿಟ್ಟು ಬಂತು, ಸಿಗರೇಟು ನೆಲಕ್ಕೆ ಹೊಸಕಿದಳು. "ನೀವು ಏನಂದ್ಕೊಂಡಿದೀರಿ ಅಂತ ಗೊತ್ತಮ್ಮಾ, ಇಡೀ ಊರಿಗೇ ಗೊತ್ತು. ಕೇಳಿ. ನಂಗೆ ಗೊತ್ತಿರೋದು ಮುರಿದ ಮೇಲಿನ ಮುರ್ಮನ್ ಮಾತ್ರ. ಅದಕ್ಕೆ ಮುಂಚಿನೋನು ಹೇಗಿದ್ದ, ಹೇಗೆ ನಗ್ತಿದ್ದ, ಒಂದೂ ಗೊತ್ತಿಲ್ಲ. ಆ ಮುಂಚಿನೋನು ನಂಗೆ ಬೇಕು, ಅವನು ಇರೋದು ನಿಮ್ಮ ಹತ್ರ."

ಎಷ್ಟೋ ದಿನದ ಮೇಲೆ ಲಮಾರಾಳ ಎದೆಯೊಳಗೆ ಏನೋ ಸಡಿಲವಾಯಿತು. ಈ ವಕೀಲೆಯ ಬಳಿ ಇಲ್ಲದ್ದು ತನ್ನ ಬಳಿ ಇತ್ತು! ಖುಷಿಯಾಯಿತು, ಕೆಟ್ಟ ಖುಷಿಯೇ ಸರಿ, ಆದರೂ ಖುಷಿ. ಆ ಖುಷಿಯಲ್ಲೇ ಬಾಯಿಂದ ಹೊರಟಿತು: "ಹಿಂದಿನ ರಾತ್ರಿ ಅವನ ಮೈಮೇಲೆ ಒಂದು ಗೀರೂ ಇರ್ಲಿಲ್ಲ. ನಾನು ನೋಡಿದೀನಿ."

"ಹೇಗೆ ನೋಡಿದ್ರಿ?"

"ದಿನಾ ನೋಡ್ತಿದ್ದೆ."

"ಅಂದ್ರೆ?"

"ಅಂದ್ರೆ ನೋಡ್ತಿದ್ದೆ!" ಮುಖ ಕೆಂಪಾಯಿತು. "ಬಚ್ಚಲಲ್ಲಿ ನಿಲ್ಲಿಸಿ, ದೀಪ ಹಿಡ್ದು. ಕತ್ತು, ಭುಜ, ಬೆನ್ನು, ಕಂಕುಳು, ಎಲ್ಲಾ. ಯಾವಳಾದ್ರೂ ಉಗುರಿನ ಗುರುತು ಬಿಟ್ಟಿದಾಳಾ, ಹಲ್ಲಿನ ಗುರುತು ಬಿಟ್ಟಿದಾಳಾ ಅಂತ. ಮದುವೆಯಾದಾಗಿಂದ ಒಂದು ರಾತ್ರಿ ತಪ್ಪಿಸಿಲ್ಲ. ಅವತ್ತು ಜಗಳ ಆಗಿತ್ತಲ್ಲ, ಅವತ್ತು ಎರಡು ಸಲ ನೋಡಿದೆ."

ಜುಜುನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅಯ್ಯೋ ನನ್ನ ಮಗನೇ! ಕುರಿ ಕೊಳ್ಳೋರ ಹಾಗೆ ನೋಡ್ತಿದ್ಳಲ್ಲಪ್ಪಾ ನಿನ್ನ!"

"ನಿಜ ಮೇಡಂ," ಎತೆರಿ ಎದ್ದು ನಿಂತಳು. "ಇವರ ಬಚ್ಚಲಿಗೂ ನನ್ನ ಅಡುಗೆಮನೆಗೂ ನಡುವೆ ಒಂದು ತಗಡು, ಅಷ್ಟೇ. 'ತಿರುಗು! ಕೈ ಎತ್ತು! ಇದೇನಿದು? ಸೊಳ್ಳೆನಾ? ಯಾವ ಸೊಳ್ಳೆ?' ದಿನಾ ಕೇಳ್ತಿದ್ದೆ. ಅವತ್ತೂ ಕೇಳಿದೆ. ಪಕ್ಕೆಲುಬು ಮುರಿದೋನು ಹಾಡು ಹೇಳ್ತಾನಾ? ಅವನು ಕೈ ಎತ್ಕೊಂಡು ಹಾಡ್ತಿದ್ದ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ನಾತಿಯಾ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಲಮಾರಾ, ಇದನ್ನ ಹಾಗೇ ಬರೀಬೇಕಾಗತ್ತೆ. ಏಳು ಜನ ಜಡ್ಜುಗಳು ಓದ್ತಾರೆ. ಆಮೇಲೆ ಓದು ಬರೋರೆಲ್ಲಾ ಓದ್ತಾರೆ. ನಗ್ತಾರೆ."

"ನಗಲಿ."

"ಸರಿ. ಇನ್ನೊಂದು. ಸುಟ್ಟ ಗಾಯಗಳು ತೋನೆಯದ್ದು ಅಂತ ಸರ್ಕಾರ ಹೇಳತ್ತೆ."

"ಅದರಲ್ಲಿ ಸುಳ್ಳೇನು? ರೊಟ್ಟಿಯೋನ ಕೈ ಮೇಲೆ ಸುಟ್ಟ ಕಲೆ ಇಲ್ದಿರತ್ತಾ?"

"ಕೈ ಮೇಲಿನದ್ದಲ್ಲ." ನಾತಿಯಾ ಮಾತನ್ನು ಹುಡುಕಿ ಹುಡುಕಿ ಆರಿಸಿದಳು. "ಅವತ್ತು ರಾತ್ರಿ ನೀವು ನೋಡ್ದಾಗ ಬೆನ್ನ ಮೇಲೆ, ಸೊಂಟದ ಹತ್ರ, ಏನಾದ್ರೂ ಸುಟ್ಟಿದ್ದು ಇತ್ತಾ?"

"ಬೆನ್ನ ಮೇಲಾ? ಬೆನ್ನು ಕೊಟ್ಟು ಯಾರಾದ್ರೂ ತೋನೆಗೆ ರೊಟ್ಟಿ ಬಡೀತಾರ..." ಲಮಾರಾಳ ಮಾತು ಅಲ್ಲಿಗೇ ನಿಂತಿತು. ಎರಡು ವರ್ಷ ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ. ಒಳಗಿನಿಂದ ಚಿಲಕ. ಅವನು ಬೇರೆ ಹೆಂಗಸಿನ ಗುರುತನ್ನು ಮುಚ್ಚಿಡುತ್ತಿದ್ದಾನೆ ಎಂದು ಅವಳು ಅಂದುಕೊಂಡಿದ್ದಳು.

"ಇರ್ಲಿಲ್ಲ," ಎಂದಳು. "ಏನೂ ಇರ್ಲಿಲ್ಲ. ಬರ್ಕೊಳ್ಳಿ."

ನಾತಿಯಾ ಬರೆದುಕೊಂಡಳು, ಲಮಾರಾ ಸಹಿ ಹಾಕಿದಳು, ಎತೆರಿಯೂ ಹಾಕಿದಳು. ತ್ಬಿಲಿಸಿಗೆ ಹೋಗುವ ವ್ಯಾನು ಹೊರಡುವ ಹೊತ್ತಾಗಿತ್ತು. ನಾತಿಯಾ ಚೀಲ ಹೆಗಲಿಗೇರಿಸಿ ನಿಲ್ದಾಣದ ಕಡೆ ಹೊರಟಳು. ಲಮಾರಾ ಸೀದಾ ಅಂಗಡಿಗೆ ನಡೆದಳು.

ಮುರ್ಮನ್ ಸಂಜೆಯ ರೊಟ್ಟಿಗೆ ಹಿಟ್ಟು ಮುರಿದು ಉಂಡೆ ಕಟ್ಟುತ್ತಿದ್ದ. ಅವಳು ಕಿಟಕಿಯ ಹಲಗೆ ಎಳೆದು ಮುಚ್ಚಿದಳು.

"ಬಚ್ಚಲ ವಿಷಯ ಹೇಳ್ಬಿಟ್ಟೆ," ಎಂದಳು. "ನಾತಿಯಾಗೆ. ಬರ್ಕೊಂಡು ಹೋದಳು."

ಅವನ ಕೈ ಹಿಟ್ಟಿನಲ್ಲೇ ನಿಂತಿತು. ಆಮೇಲೆ, ಬಹಳ ದಿನದ ಮೇಲೆ, ತುಟಿಯ ಒಂದು ಮೂಲೆ ನಕ್ಕಿತು. "ಸೊಳ್ಳೆ ವಿಷಯಾನೂ?"

"ಎತೆರಿ ಹೇಳಿದಳು." ಲಮಾರಾ ಹಲಗೆಗೆ ಬೆನ್ನು ಕೊಟ್ಟು ನಿಂತಳು. "ಬಾಣಲೆ ವಿಷಯ ಗೊತ್ತಿದ್ದೂ ಯಾಕೋ ನನ್ನ ಬೈಲಿಲ್ಲ? ಬೆನ್ನು ಯಾಕೋ ತೋರಿಸ್ಲಿಲ್ಲ? ಅವಳಿಗೆ ಎಲ್ಲಾ ಹೇಳ್ದೆ. ನಾನು ನಿನ್ನ ಹೆಂಡತಿ ಕಣೋ, ಸತ್ತೇಹೋಗ್ತಿದೀನಿ ನಾನು ಹೊಟ್ಟೆ ಉರ್ಕೊಂಡು."

"ಅವಳಿಗೆ ಎಲ್ಲಾ ಹೇಳಿಲ್ಲ."

"ಸುಳ್ಳು."

"ಹೊಡೆದಿದ್ದು ಹೇಳ್ದೆ, ಸುಟ್ಟಿದ್ದು ಹೇಳ್ದೆ. ಯಾಕೆ ಸಹಿ ಹಾಕ್ದೆ ಅಂತ ಹೇಳ್ಲಿಲ್ಲ." ಅವನು ಮೈದಾ ಮೂಟೆಯ ಮೇಲೆ ಕೂತ. ಹಿಟ್ಟು ಮೆತ್ತಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮುಂದಕ್ಕೆ ಚಾಚಿಕೊಂಡೇ ಇದ್ದ. "ಹೊಡೆತಕ್ಕೆ ಹಾಕಿಲ್ಲ ಲಮಾರಾ. ಸುಟ್ರು, ಅದಕ್ಕೂ ಹಾಕಿಲ್ಲ. ಆಮೇಲೆ ಒಬ್ಬ ಬಂದು, 'ನಿನ್ನ ಹೆಂಡತಿ ಠಾಣೆಗೆ ಬಂದು ನಿನ್ನ ಕೇಳ್ತಿದ್ಲು, ಕರ್ಕೊಂಡು ಬಂದಿದೀವಿ, ಪಕ್ಕದ ಕೋಣೇಲಿದಾಳೆ' ಅಂದ. ನಾನು ನಂಬಲಿಲ್ಲ. ಬಾಗಿಲು ತೆಗೆದಿಟ್ಟ. ಆ ಕಡೆಯಿಂದ ಹೆಂಗಸಿನ ಕೂಗು ಕೇಳಿಸ್ತು. ಅಂಥ ಕೂಗು... ಅದಕ್ಕೆ ಹೆಸರು ಹಿಡಿಯೋಕಾಗಲ್ಲ, ಯಾರ ದನಿ ಅಂತ ಗೊತ್ತಾಗಲ್ಲ. ನೀನೇ ಅಂದ್ಕೊಂಡೆ. ಎಲ್ಲಿ ಹಾಕ್ಲಿ ಅಂತ ನಾನೇ ಕೇಳಿ ಸಹಿ ಹಾಕ್ದೆ."

ಲಮಾರಾ ಒಂದು ಹೆಜ್ಜೆ ಹತ್ತಿರ ಬಂದಳು.

"ಬಿಟ್ಟ ದಿನ ಮನೆಗೆ ಬರ್ತಾ ದಾರಿಯೆಲ್ಲಾ ನೀನು ಹೇಗಿದೀಯೋ, ನಿನಗೇನು ಮಾಡಿದಾರೋ ಅಂತ... ಬಂದ್ರೆ ನೀನು ಒಲೆ ಮುಂದೆ ನಿಂತು 'ಬಾತುಮಿ ಹೇಗಿತ್ತು, ಅವಳಿಗೆ ಈಜು ಬರತ್ತಾ' ಅಂತ ಬೈತಿದ್ದೆ. ಅಷ್ಟು ಒಳ್ಳೆ ಮಾತು ನಾನು ಹುಟ್ಟಿದಾಗಿಂದ ಕೇಳಿರ್ಲಿಲ್ಲ. ನಿಂಗೆ ಹೇಳಿದ್ರೆ ನಿನ್ನಿಂದಾಗಿ ನಾನು ಸೋತೆ ಅಂತ ನಿನಗನ್ಸತ್ತೆ ಅಂತ ಹೇಳ್ಲಿಲ್ಲ. ನಾತಿಯಾಗೆ ಹೇಳಿದ್ರೆ ನಿನ್ನ ಹೆಸರು ಆ ಕೋಣೆಯೊಳಗೆ ಬರತ್ತೆ ಅಂತ ಅವಳಿಗೂ ಹೇಳ್ಲಿಲ್ಲ. ಯಾರಿಗೂ ಹೇಳಿಲ್ಲ. ಈಗ ನಿಂಗೆ ಹೇಳ್ದೆ."

ಲಮಾರಾಳ ಎದೆ ತುಂಬಿ ಬಂತು. ಮುಚ್ಚಿಟ್ಟು ಏನು ಪ್ರಯೋಜನ, ಅವಳಿಗೆ ಸಂತೋಷವಾಯಿತು. ಇಷ್ಟು ವರ್ಷ ಹಲುಬಿದ್ದಕ್ಕೆ ಕೊನೆಗೂ ಒಂದು ಸಿಕ್ಕಿತ್ತು: ವಕೀಲೆಗೆ ಗೊತ್ತಿಲ್ಲದ, ತಾಯಿಗೆ ಗೊತ್ತಿಲ್ಲದ, ತನಗೊಬ್ಬಳಿಗೇ ಕೊಟ್ಟ ಮಾತು. ಬೆಂಕಿಗೆ ಬಗ್ಗದವನು ತನ್ನ ಹೆಸರಿಗೆ ಬಗ್ಗಿದ್ದ. ಅವಳು ಅವನ ಹಿಟ್ಟಿನ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪ ಹೊತ್ತು, ಈ ಲೋಕದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲದೆ ನಿಂತಿದ್ದಳು.

ಆಮೇಲೆ ಅವಳು ಕೈ ಬಿಟ್ಟಳು.

"ಆದ್ರೆ ನಾನು ಅಲ್ಲಿರ್ಲಿಲ್ವಲ್ಲ," ಎಂದಳು. "ನಾನು ಇಲ್ಲೇ ನಿನ್ನ ಬೈಕೊಂಡು ಕೂತಿದ್ದೆ. ಹಾಗಿದ್ರೆ ಕೂಗಿದ್ದು ಯಾರೋ?"

ಮುರ್ಮನ್ ಬೆರಳಿಗೆ ಮೆತ್ತಿದ ಹಿಟ್ಟನ್ನು ಉಜ್ಜಿ ತೆಗೆಯತೊಡಗಿದ.

"ಯಾರವಳು?"

"ಗೊತ್ತಿಲ್ಲ." ಅವನು ತಲೆ ತಗ್ಗಿಸಿದ. "ನೀನಲ್ಲ ಅಂತ ಗೊತ್ತಾಯ್ತಲ್ಲ. ಅಷ್ಟಕ್ಕೇ ನಾನು... ನಾನು ಆಮೇಲೆ ಯೋಚನೆ ಮಾಡ್ಲಿಲ್ಲ ಲಮಾರಾ. ಮಾಡೋಕೆ ಹೋಗ್ಲಿಲ್ಲ."

ಹೊರಗೆ ಯಾರೋ ರೊಟ್ಟಿಗೆಂದು ಹಲಗೆ ತಟ್ಟಿದರು. ಇಬ್ಬರೂ ಓಗೊಡಲಿಲ್ಲ. ಲಮಾರಾಳ ಕಣ್ಣ ಮುಂದೆ ಊರಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದರು, ದಿನಾ ಈ ಕಿಟಕಿಗೆ ಬರುವವರು, ತಾನು ದುರುಗುಟ್ಟಿ ನೋಡಿದವರು. ಅವರಲ್ಲಿ ಯಾರ ಅಂಗಿಯ ಗುಂಡಿ ಕತ್ತಿನವರೆಗೂ ಏರಿತ್ತು? ಯಾರು ಇತ್ತೀಚೆಗೆ ನಗುವುದನ್ನು ಬಿಟ್ಟಿದ್ದರು? ಅವಳು ಯಾವತ್ತೂ ಅದನ್ನು ನೋಡಿರಲಿಲ್ಲ.

"ನಾತಿಯಾಗೆ ಹೇಳ್ಬೇಕು," ಎಂದಳು.

ಅವನು ಎದ್ದು ಮತ್ತೆ ಹಿಟ್ಟಿಗೆ ಕೈ ಹಾಕಿದ. "ನೀನೇ ಹೇಳು. ನನ್ನ ಕೈಲಿ ಎರಡನೇ ಸಲ ಆಗಲ್ಲ."

ಲಮಾರಾ ಮುಂಗೈಗೆ ಹಿಟ್ಟು ಮೆತ್ತಿಕೊಂಡೇ ಓಡಿದಳು. ಚರ್ಚಿನ ಇಳಿಜಾರು ಇಳಿಯುವಾಗ ಕಾಲು ತಡೆದವು. ಒಂದು ದಿನ, ಒಂದೇ ಒಂದು ದಿನ ಇದನ್ನು ತಾನೊಬ್ಬಳೇ ಇಟ್ಟುಕೊಂಡರೆ ಏನಾದೀತು? ವ್ಯಾನು ಹೊರಟುಹೋಗಿತ್ತು ಎಂದರಾಯಿತು. ನಾಳೆ ಫೋನು ಮಾಡಿದರಾಯಿತು. ಬೇಡುತ್ತಿದ್ದದ್ದು ಕೈಗೆ ಬಂದು ಇನ್ನೂ ಬಿಸಿ ಆರಿರಲಿಲ್ಲ. ಅವಳು ಅಳುತ್ತಿದ್ದಳು, ಓಡುತ್ತಲೂ ಇದ್ದಳು.

ವ್ಯಾನು ಹೊರಟಿತ್ತು. ಲಮಾರಾ ಅದರ ಮುಂದೆಯೇ ಹೋಗಿ ಎರಡೂ ಕೈ ಎತ್ತಿ ನಿಂತಳು. ಚಾಲಕ ಬ್ರೇಕು ಒತ್ತಿ ಅವಳ ಏಳು ತಲೆಮಾರನ್ನೂ ಬೈದ. ನಾತಿಯಾ ಬಾಗಿಲು ಸರಿಸಿ ಗಾಬರಿಯಿಂದ ಇಳಿದಳು.

"ಏನಾಯ್ತು? ಮುರ್ಮನ್‌ಗೆ ಏನಾದ್ರೂ..."

"ಪಕ್ಕದ ಕೋಣೇಲಿ ಒಬ್ಬ ಹೆಂಗಸಿದ್ಲು," ಲಮಾರಾ ಏದುಸಿರಿನಲ್ಲಿ ಅವಳ ತೋಳು ಹಿಡಿದಳು. "ಅವಳನ್ನೂ ಹಿಂಸೆ ಮಾಡಿದಾರೆ. ಅವಳನ್ನ ಹುಡುಕ್ಬೇಕು."

ನಾತಿಯಾಳ ಮುಖ ಬಿಳುಚಿತು. "ಯಾರು ಹೇಳಿದ್ದು? ನಂಗೆ ಇದು ಗೊತ್ತಿಲ್ವಲ್ಲ."

"ನನ್ನ ಗಂಡ. ನಂಗೊಬ್ಬಳಿಗೇ ಹೇಳಿದ್ದ," ಎಂದಳು ಲಮಾರಾ. "ಈಗ ನಿಂಗೆ ಹೇಳ್ತಿದೀನಿ."